ಅತ್ತಿ ಹುಡುಕಿಕೊಟ್ಟ ಮೂರು ತಾಸು

ಮದುವೆಯಾದ ಎರಡನೆಯ ವರ್ಷ ನಾನೂ ನನ್ನ ಗಂಡನೂ ಒಂದೇ ಪರೀಕ್ಷೆಗೆ ಅರ್ಜಿ ಹಾಕಿದೆವು. ವ್ಯಾಪಾರದ ಆಡಳಿತ ಕಲಿಸುವ ದೊಡ್ಡ ಸಂಸ್ಥೆಯೊಂದಕ್ಕೆ ಸೇರಲು ಬರೆಯಬೇಕಾದ ಪ್ರವೇಶ ಪರೀಕ್ಷೆ ಅದು. ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ತಿಕೋಟಾದಲ್ಲಿ. ಗಂಡನ ಹೆಸರು ಹಿಡಿದು ಹೇಳುವ ರೂಢಿ ನನಗೆ ಈಗಲೂ ಇಲ್ಲ, ಹಾಗಾಗಿ ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ.

ನನ್ನ ತವರುಮನೆ ವಿಜಾಪುರ. ಈಗ ವಿಜಯಪುರ ಅನ್ನುತ್ತಾರೆ. ಸ್ಟೇಷನ್ ರಸ್ತೆಯಲ್ಲಿ ಅಪ್ಪನ ಅರಿವೆ ಅಂಗಡಿಯಿತ್ತು. ಸಾಲೆ ಬಿಟ್ಟ ಮೇಲೆ ನಾನು ಮನೆಗೆ ಹೋಗದೆ ನೇರ ಅಂಗಡಿಗೆ ಹೋಗಿ ಗಾದಿಯ ತುದಿಗೆ ಕೂಡುತ್ತಿದ್ದೆ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳ ಮುಂದೆ ಅಪ್ಪ ಯಾವ ಇಳಕಲ್ ಸೀರೆಯನ್ನು ಮೊದಲು ಬಿಚ್ಚುತ್ತಾರೆ, ಯಾವುದನ್ನು ಕೊನೆಗೆಂದು ಇಟ್ಟುಕೊಳ್ಳುತ್ತಾರೆ ಎಂದು ನೋಡುತ್ತ ಕೂತರೆ ನನಗೆ ಹಸಿವೆಯೇ ಆಗುತ್ತಿರಲಿಲ್ಲ. ಬಿ.ಕಾಂ. ಮುಗಿಯಿತು, ಮದುವೆಯಾಯಿತು. ಇವರದು ತಿಕೋಟಾದಲ್ಲಿ ಬೀಜ ಗೊಬ್ಬರದ ಅಂಗಡಿ, ಜೊತೆಗೆ ಹೊಲ. ಮಾವ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಹೊಲ, ಮನೆ ಎರಡನ್ನೂ ನಡೆಸುತ್ತಿದ್ದವರು ಇವರ ತಾಯಿ, ನಮ್ಮ ಅತ್ತಿ.

ಒಂದು ಸಲ ತವರಿಗೆ ಹೋದಾಗ ಅಂಗಡಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಆ ಪರೀಕ್ಷೆಯ ಜಾಹೀರಾತು ಕಂಡೆ. ಅಪ್ಪ ಆ ಪತ್ರಿಕೆ ಓದುತ್ತಿರಲಿಲ್ಲ. ಅಂಗಡಿಗೊಂದು ಕಳೆ ಬರುತ್ತದೆ ಎಂದು ತರಿಸುತ್ತಿದ್ದರು, ಅಷ್ಟೇ. ನಾನು ಆ ತುಂಡು ಕತ್ತರಿಸಿ ತಂದು ಇವರಿಗೆ ತೋರಿಸಿದೆ. ನಾನೇ ಬರೆಯಬೇಕು ಎಂಬ ಆಸೆ ಮನಸ್ಸಿನಲ್ಲಿತ್ತು. ಬಾಯಿಂದ ಬಂದದ್ದು ಮಾತ್ರ, "ನೀವು ಬರೀಬಹುದಲ್ರಿ?" ಎಂದು.

"ನಾ ಒಬ್ಬನ ಯಾಕ? ಇಬ್ಬರೂ ಬರಿಯೋಣು," ಅಂದರು ಇವರು. ಯಾವುದನ್ನಾದರೂ ಶುರು ಮಾಡುವುದೆಂದರೆ ಇವರಿಗೆ ಬಲು ಉತ್ಸಾಹ. ಮರುದಿನವೇ ಎರಡು ಅರ್ಜಿ ನಮೂನೆ ಕೇಳಿ ಪತ್ರ ಹಾಕಿದರು.

ಅರ್ಜಿಯ ಜೊತೆ ಒಂದು ತೆಳ್ಳನೆಯ ಪುಸ್ತಿಕೆಯೂ ಬಂತು. ಮಾದರಿ ಪ್ರಶ್ನೆಗಳು ಅದರಲ್ಲಿದ್ದವು. ಇಂಗ್ಲಿಷ್ ಓದಿ ಅರ್ಥ ಹೇಳುವುದು ಒಂದು ಭಾಗ, ಲೆಕ್ಕ ಒಂದು ಭಾಗ, ಇನ್ನೊಂದು ತಲೆ ಓಡಿಸುವ ಭಾಗ. ದುಂಡು ಮೇಜಿನ ಸುತ್ತ ಐದು ಜನ ಕೂತಿದ್ದಾರೆ, ಇಂಥವನ ಪಕ್ಕದಲ್ಲಿ ಇಂಥವನಿಲ್ಲ, ಹಾಗಾದರೆ ಇವನ ಎಡಗಡೆ ಯಾರು? ಹೀಗೆ. ಪ್ರಶ್ನೆಗಳು ಎಷ್ಟೊಂದಿದ್ದವೆಂದರೆ ಒಂದೊಂದಕ್ಕೆ ಒಂದು ನಿಮಿಷವೂ ಸಿಗುತ್ತಿರಲಿಲ್ಲ. ಪರೀಕ್ಷೆ ಪುಣೆಯಲ್ಲಿ, ಎಳ್ಳ ಅಮಾವಾಸ್ಯೆ ಮುಗಿದ ಮುಂದಿನ ರವಿವಾರ. ನಮ್ಮ ಕೈಯಲ್ಲಿ ನಾಲ್ಕು ತಿಂಗಳು ಇದ್ದವು.

ಇವರು ಹಳೆಯ ಕ್ಯಾಲೆಂಡರಿನ ಹಿಂದಿನ ಬದಿಗೆ ಕೆಂಪು, ನೀಲಿ ಪೆನ್ಸಿಲಿನಿಂದ ವೇಳಾಪತ್ರಿಕೆ ಬರೆದು ಪಡಸಾಲೆಯ ಗೋಡೆಗೆ ತೂಗುಹಾಕಿದರು. ಮುಂಜಾನೆ ಐದರಿಂದ ಏಳು ಇಂಗ್ಲಿಷ್. ಏಳರಿಂದ ಎಂಟೂವರೆ ಲೆಕ್ಕ. ಸಂಜೆ ಆರರಿಂದ ಎಂಟು ಉಳಿದದ್ದು. ನೋಡಲು ಬಹಳ ಚೆಂದವಿತ್ತು. ಎರಡು ದಿನ ಅದರಂತೆ ಇವರು ಐದಕ್ಕೆ ಎದ್ದು ದೀಪದ ಮುಂದೆ ಕೂತರು. ನಾನು ಐದಕ್ಕೆ ಎದ್ದು ಅಂಗಳ ಗುಡಿಸಿ, ಸಗಣಿ ಬಳಿದು, ಎಮ್ಮೆ ಹಿಂಡಿ, ನೀರು ಕಾಯಿಸಿ, ಇವರಿಗೆ ಚಹಾ ಕೊಟ್ಟು ರೊಟ್ಟಿ ಬಡಿಯಲು ಕೂತೆ. ಮೂರನೆಯ ದಿನ ಇವರು, "ನೀ ಎಲ್ಲಿತನಕ ಬಂದಿ?" ಎಂದು ಕೇಳಿದರು. ನಾನು ಪುಸ್ತಿಕೆಯ ಮೊದಲ ಪುಟವನ್ನೂ ಮುಗಿಸಿರಲಿಲ್ಲ. ಹೇಳಲು ನಾಚಿಕೆಯಾಗಿ ಚಹಾದ ಬಸಿ ಎತ್ತಿಕೊಂಡೆ.

ಅಷ್ಟರಲ್ಲಿ ಅತ್ತಿ ಹೊರಗಿಂದ ಬಂದು ಗೋಡೆ ನೋಡಿದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

"ಏನೋ ಇದು? ಗೋಡಿಗೆ ರಂಗೋಲಿ ಹಾಕೀ ಏನು?"

"ವೇಳಾಪತ್ರಿಕೆ ಐತಿಬೇ ಯವ್ವಾ. ನಾವಿಬ್ಬರೂ ಯಾವಾಗ ಏನ ಓದಬೇಕು ಅಂತ ಬರದೇನಿ."

"ಓದು, ಕೇಳೂಣು."

ಇವರು ಒಂದೊಂದೇ ಸಾಲು ಓದಿದರು. ಅತ್ತಿ ಸೊಂಟಕ್ಕೆ ಕೈ ಕೊಟ್ಟು ಪೂರಾ ಕೇಳಿದರು. ಕೊನೆಗೆ, "ರೊಟ್ಟಿ ಯಾವ ಸಾಲಿನ್ಯಾಗ ಐತಿ?" ಅಂದರು.

"ರೊಟ್ಟಿ ಇದರಾಗ್ಯಾಕ ಬರತೈತಿ?"

"ಮತ್ತ ಎಮ್ಮಿ? ನೀರು?"

"ಅವೆಲ್ಲಾ ಹಂಗ ನಡಿತಾವಲ್ಲಬೇ."

"ಹಂಗ ನಡಿತಾವ?" ಅತ್ತಿ ನನ್ನ ಕಡೆ ತಿರುಗಿದರು. "ನೋಡಬೇ, ಹಂಗ ನಡಿತಾವಂತ. ನಾವಿಬ್ಬರೂ ಇಷ್ಟ ವರ್ಷ ಸುಮ್ಮನ ದಣದೇವಿ."

ಇವರು ನಕ್ಕರು. ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆದರೆ ಅತ್ತಿ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಮರುದಿನ ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಬಂದು ಕೂತರು.

"ಖರೇ ಹೇಳು. ನಿನಗ ಬರೀಬೇಕಂತ ಐತೇನು, ಇಲ್ಲಾ ಅವ ಹೇಳ್ಯಾನಂತ ಬರಿಯಾಕತ್ತೀಯೋ?"

"ನನಗ ಬರೀಬೇಕಂತ ಐತ್ರಿ ಅತ್ತಿ."

"ದಿನಾ ಎಷ್ಟ ತಾಸ ಬೇಕು?"

"ಮೂರ ತಾಸರೆ ಬೇಕ್ರಿ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಓದತೇನ್ರಿ."

"ರಾತ್ರಿ ಬ್ಯಾಡ. ದಿನವೆಲ್ಲಾ ದಣದ ತೆಲಿಗೆ ರಾತ್ರಿ ಏನ ಹತ್ತತೈತಿ? ಹಗಲಿನ್ಯಾಗ ಹುಡುಕೋಣು."

ಹೀಗೆ ಹೇಳಿ ಅವರು ನಮ್ಮ ಮನೆಯ ಒಂದು ದಿನವನ್ನು ಬೆರಳ ಮೇಲೆ ಎಣಿಸತೊಡಗಿದರು. ಜೋಳ ಹಸನು ಮಾಡುವ ಕೆಲಸವನ್ನು ಸಂಜೆ ತಾವು ಕಟ್ಟೆಯ ಮೇಲೆ ಮಾತಾಡುತ್ತ ಮಾಡಬಹುದು. ಹಿಟ್ಟಿನ ಗಿರಣಿಗೆ ತಮ್ಮ ಮಗ ಅಂಗಡಿಗೆ ಹೋಗುವಾಗ ಡಬ್ಬಿ ಒಯ್ಯಬಹುದು. ಮಧ್ಯಾಹ್ನದ ನೀರನ್ನು ಮುಂಜಾನೆಯೇ ತಂದಿಡಬಹುದು. ಹನ್ನೊಂದಕ್ಕೆ ತಾವು ಬುತ್ತಿ ತಗೊಂಡು ಹೊಲಕ್ಕೆ ಹೋಗುತ್ತಾರೆ, ಎರಡಕ್ಕೆ ಬರುತ್ತಾರೆ. ಆಗ ಮನೆಯಲ್ಲಿ ನಾನು ಮತ್ತು ಎಮ್ಮೆ ಇಬ್ಬರೇ. ಇಷ್ಟು ದಿನ ಆ ಹೊತ್ತನ್ನು ತುಂಬುತ್ತಿದ್ದವು ಸಣ್ಣ ಸಣ್ಣ ಕೆಲಸಗಳು. ಅವನ್ನೆಲ್ಲ ಅತ್ತಿ ಒಂದೊಂದಾಗಿ ಎತ್ತಿ ಬೇರೆ ಕಡೆ ಇಟ್ಟರು. ನೋಡುತ್ತಿದ್ದಂತೆ ನನ್ನ ಮುಂದೆ ಮೂರು ತಾಸು ಖಾಲಿಯಾಗಿ ನಿಂತವು. ನನಗೆ ನಂಬಿಕೆಯೇ ಬರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ನಡುಮನೆಯ ಮೇಲೆ ಒಂದು ಬೆಳಕಿಂಡಿ ಇತ್ತು. ಬಿಸಿಲು ಅದರಿಂದ ನೇರ ನೆಲಕ್ಕೆ ಬಿದ್ದು, ಹೊತ್ತು ಏರಿದಂತೆ ಸರಿಯುತ್ತಿತ್ತು. ಅತ್ತಿ ಸುಣ್ಣದಲ್ಲಿ ಬೆರಳು ಅದ್ದಿ ನೆಲದ ಮೇಲೆ ಒಂದು ಗೆರೆ ಎಳೆದರು.

"ಬಿಸಲು ಈ ಕಂಬದ ಬುಡದಿಂದ ಈ ಗೆರಿಗೆ ಬರೂತನಕ ನಿನ್ನ ಯಾರೂ ಎಬ್ಬಸಬಾರದು. ನೀನೂ ಏಳಬಾರದು."

"ನನ್ನ ಕೈಯಾಗ ವಾಚ್ ಐತಲ್ರಿ ಅತ್ತಿ."

"ಅದಕ್ಕ ಕೀಲಿ ಕೊಡಾಕ ಮರತರ?"

ಮೊದಲ ವಾರ ಓದು ಹಿಡಿತಕ್ಕೆ ಬರಲಿಲ್ಲ. ನಾನು ಮೊದಲ ತಾಸು ಇಂಗ್ಲಿಷಿಗೆ, ಎರಡನೆಯದು ತಲೆ ಓಡಿಸುವ ಪ್ರಶ್ನೆಗೆ, ಕೊನೆಯದು ಲೆಕ್ಕಕ್ಕೆ ಎಂದು ಇಟ್ಟುಕೊಂಡಿದ್ದೆ. ಲೆಕ್ಕಕ್ಕೆ ಬರುವಷ್ಟರಲ್ಲಿ ಕಣ್ಣು ಪುಸ್ತಕ ಬಿಟ್ಟು ನೆಲದ ಬಿಸಿಲಿನ ಮೇಲೆ ಇರುತ್ತಿತ್ತು. ಅಂಜಿಕೆ ಇದ್ದದ್ದೂ ಲೆಕ್ಕದ್ದೇ. ಎರಡನೆಯ ವಾರ ಅದನ್ನು ಮೊದಲಿಗೆ ತಂದೆ. ಇಂಗ್ಲಿಷನ್ನು ಕೊನೆಗೆ ಹಾಕಿದೆ. ಅಪ್ಪ ಹಳೆಯ ಪತ್ರಿಕೆಗಳನ್ನು ಕಟ್ಟು ಕಟ್ಟಿ ಬಸ್ಸಿನ ಮೇಲೆ ಕಳಿಸುತ್ತಿದ್ದರು. ಅವನ್ನು ಓದುವುದು ನನಗೆ ಆರಾಮಿನಂತೆಯೇ ಇತ್ತು. ವಾರದಲ್ಲಿ ಒಂದು ದಿನ ಹೊಸದೇನೂ ಓದದೆ, ಉಳಿದು ಹೋದದ್ದಕ್ಕೆ ಬಿಟ್ಟುಕೊಂಡೆ. ಆ ಒಂದು ದಿನ ಬಿಟ್ಟುಕೊಂಡ ಮೇಲೆಯೇ ನನ್ನ ಯೋಜನೆ ಮುರಿಯದೆ ನಡೆಯಿತು.

ಅತ್ತಿ ಹೊಲದಿಂದ ಬಂದು ಕಾಲು ತೊಳೆದುಕೊಂಡ ಕೂಡಲೇ ಕೇಳುತ್ತಿದ್ದರು, "ಇವತ್ತ ಎಷ್ಟ ಬಿತ್ತಿದಿ?"

"ಎರಡ ಪಾಠ ಆಗ್ಯಾವ್ರಿ. ಒಂದ ಅರ್ಧಕ್ಕ ನಿಂತೈತ್ರಿ."

"ನಿಂತಿದ್ದ ನಾಳಿ ಮೊದಲ ಹಿಡಿ."

ಒಂದು ತಿಂಗಳಾಗುವುದರೊಳಗೆ ಇವರ ಉತ್ಸಾಹ ಇಳಿಯಿತು. ಹಿಂಗಾರಿ ಬಿತ್ತನೆಯ ಕಾಲ; ಅಂಗಡಿಯಲ್ಲಿ ರೈತರ ಗದ್ದಲ. ಇವರಿಗೆ ಅಲ್ಲಿ ನಿಂತು ಮಾತಾಡುವುದೇ ಸುಖ. ಒಂದು ಸಂಜೆ ಪುಸ್ತಿಕೆಯನ್ನು ತಂದು ನನ್ನ ಮುಂದೆ ಇಟ್ಟರು.

"ನನಗ ಆಗೂದಿಲ್ಲ ಬಿಡು. ಆ ದುಂಡ ಮೇಜಿನ ಮಂದಿ ಎಲ್ಲಿ ಕುಂತರ ನನಗೇನು? ನೀ ಬರಿ. ನನ್ನ ಅರ್ಜಿ ಹೋಗೇತಿ, ಹೋಗಲಿ."

"ನಿಮಗ ಬ್ಯಾಸರ ಇಲ್ಲಲ್ರಿ?"

"ಬ್ಯಾಸರ ಯಾಕ? ಮುಂಜಾನಿ ಐದಕ್ಕ ಏಳೂದ ತಪ್ಪಿತು." ಆಮೇಲೆ ಮೂಲೆಯ ಕೊಡಗಳ ಕಡೆ ನೋಡಿ, "ಆದರೂ ಎದ್ದ ರೂಢಿ ಆಗೇತಿ. ನೀರ ನಾ ತರತೇನಿ," ಅಂದರು.

ಮರುದಿನದಿಂದ ಎರಡು ಕೊಡ ಹಿಡಿದು ಬಾವಿಗೆ ಹೋಗತೊಡಗಿದರು. ಓಣಿಯಲ್ಲಿ ಮಾತು ಶುರುವಾಯಿತು. ಪಕ್ಕದ ಮನೆಯ ಮುದುಕಿ ಹೆಪ್ಪು ಕೇಳಲು ಬಂದು, ನಾನು ಕೇಳುವಂತೆಯೇ ಅತ್ತಿಗೆ ಅಂದಳು, "ಏನಬೇ, ನಿಮ್ಮ ಮನ್ಯಾಗ ಸೊಸಿ ಓದತಾಳಂತ, ಮಗ ನೀರ ಹೊರತಾನಂತ."

ಅತ್ತಿ ಹೆಪ್ಪಿನ ಬಟ್ಟಲು ಅವಳ ಕೈಗೆ ಕೊಟ್ಟು, "ಹೌದಬೇ. ಅವಗ ಓದಾಕ ಬರಲಿಲ್ಲ, ನೀರ ಹೊರಾಕ ಬರತೈತಿ. ಯಾರಿಗೆ ಏನ ಬರತೈತಿ ಅದ ಮಾಡಾಕತ್ತಾರ," ಅಂದರು. ಮುದುಕಿ ಆಮೇಲೆ ಹೆಪ್ಪಿಗೆ ಬಂದರೆ ಹನ್ನೊಂದರ ಒಳಗೆ ಇಲ್ಲವೆ ಎರಡರ ಮೇಲೆಯೇ ಬರುತ್ತಿದ್ದಳು.

ಲೆಕ್ಕ ಹೇಳಿಕೊಡಲು ನನಗೊಬ್ಬ ಗೆಳತಿಯಿದ್ದಳು. ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಈಗ ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ತಂದೆ ತಾಯಿ ಪಕ್ಕದ ಜೈನಾಪುರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಹದಿನೈದು ದಿನಕ್ಕೊಂದು ರವಿವಾರ ಇವರು ನನ್ನನ್ನು ಮೋಟರ್ ಸೈಕಲ್ ಮೇಲೆ ಬಬಲೇಶ್ವರಕ್ಕೆ ಬಿಟ್ಟು, ಆ ಕಡೆಯ ರೈತರನ್ನು ಮಾತಾಡಿಸಲು ಹೋಗುತ್ತಿದ್ದರು.

ಒಂದು ರವಿವಾರ ಗೆಳತಿ ನನ್ನನ್ನು ಜೈನಾಪುರದ ಹೊಲಕ್ಕೆ ಕರೆದೊಯ್ದು, ಬೇವಿನ ಗಿಡದ ನೆರಳಲ್ಲಿ ಕೂಡಿಸಿ, ತಾನೇ ಬರೆದು ತಂದ ಪ್ರಶ್ನೆಪತ್ರಿಕೆ ಕೊಟ್ಟಳು. ಒಂದು ತಾಸು, ಅರವತ್ತು ಪ್ರಶ್ನೆ. ಏಳನೆಯದು ನೀರಿನ ಹೌದು, ಅಂದರೆ ತೊಟ್ಟಿ, ತುಂಬುವ ಲೆಕ್ಕ. ಒಂದು ನಳದಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ. ಅದು ಬಿಡಿಸಲು ಬರಲಿಲ್ಲ. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ತಾಸು ಮುಗಿಯಿತೆಂದು ಗೆಳತಿ ಹಾಳೆ ಕಸಿದುಕೊಂಡಾಗ ನಾನು ಇಪ್ಪತ್ತನ್ನೂ ದಾಟಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅಳೂದ ಆಮ್ಯಾಲ. ಏಳನೇದರ ಮುಂದ ಎಷ್ಟೊತ್ತ ಕುಂತಿದ್ದಿ?"

"ಅದು ಬರಲೇ ಇಲ್ಲ."

"ಬರಲಿಲ್ಲಂದರ ಬಿಟ್ಟ ಮುಂದ ಹೋಗು. ಅದೇನ ನಿಮ್ಮ ಸೋದರಮಾವ ಏನು, ಮಾತಾಡಸದ ಹೋದರ ಸಿಟ್ಟಾಗಾಕ?"

ನನಗೆ ಅಳುವಿನ ನಡುವೆಯೇ ನಗು ಬಂತು. ಅವಳ ತಾಯಿ ಹುರಿದ ಶೇಂಗಾ, ಬೆಲ್ಲ ತಂದು ಮಡಿಲಿಗೆ ಸುರುವಿದರು. ಆ ದಿನದಿಂದ ನನ್ನ ಮೂರು ತಾಸಿನಲ್ಲಿ ಒಂದು ತಾಸನ್ನು, ಬಾರದ ಪ್ರಶ್ನೆ ಬಿಟ್ಟು ಮುಂದೆ ಹೋಗುವುದನ್ನು ಕಲಿಯಲಿಕ್ಕೇ ಇಟ್ಟೆ. ವಾಚು ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷಕ್ಕೆ ಇಪ್ಪತ್ತೈದು ಪ್ರಶ್ನೆ. ಬಾರದ್ದಕ್ಕೆ ಒಂದು ಚುಕ್ಕೆ ಇಟ್ಟು ದಾಟುವುದು. ಲೆಕ್ಕ ಕಲಿಯುವುದಕ್ಕಿಂತ ಇದು ಕಠಿಣವಾಗಿತ್ತು.

ಚಳಿಗಾಲ ಹತ್ತಿರವಾದಂತೆ ಬೆಳಕಿಂಡಿಯ ಬಿಸಿಲು ಬಡಗಣ ಗೋಡೆಯ ಕಡೆಗೆ ಸರಿದು, ಸುಣ್ಣದ ಗೆರೆಯನ್ನು ಮುಟ್ಟದೆಯೇ ದಾಟಿ ಹೋಗತೊಡಗಿತು. ಒಂದು ದಿನ ನೋಡುತ್ತೇನೆ, ಹಳೆಯ ಗೆರೆ ಅಳಿಸಿ ಹೊಸದೊಂದು ಎಳೆದಿದೆ. ಬಿಸಿಲು ಅಲ್ಲಿಗೆ ಬಂದಾಗ ವಾಚು ನೋಡಿದೆ. ಎರಡೂವರೆ.

"ಅತ್ತಿ, ಗೆರಿ ಅರ್ಧ ತಾಸ ಮುಂದ ಹೋಗೇತ್ರಿ."

"ಬಿಸಲು ಸರದೈತಿ, ಅದಕ್ಕ ಗೆರಿನೂ ಸರಸೇನಿ," ಅಂದರು, ಮುಖ ಆ ಕಡೆ ತಿರುಗಿಸಿಕೊಂಡು. ಹೊಲದಿಂದ ಬರುವುದನ್ನೂ ಅವರು ಅರ್ಧ ತಾಸು ತಡ ಮಾಡಿಕೊಂಡಿದ್ದರು.

ಎಳ್ಳ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ನನ್ನ ನಾದಿನಿ, ಅಂದರೆ ಇವರ ಅಕ್ಕ, ಹಬ್ಬಕ್ಕೆಂದು ಬಂದರು. ಅಡುಗೆಯನ್ನು ಹೊಲಕ್ಕೆ ಹೊತ್ತುಕೊಂಡು ಹೋಗಿ, ಭೂತಾಯಿಗೆ ಚರಗವೆಂದು ಚೆಲ್ಲಿ ಉಣ್ಣುವ ಹಬ್ಬ ಅದು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ, ಭಜ್ಜಿ ಎಂದು ಮನೆಯ ಹೆಂಗಸರ ಕೈಗೆ ವಾರವೆಲ್ಲ ಬಿಡುವಿಲ್ಲ. ಮೊದಲ ದಿನ ನಾನು ಪುಸ್ತಕ ಹಿಡಿದು ಕೂತದ್ದು ನೋಡಿ ನಾದಿನಿ ಅಡುಗೆಮನೆಯಿಂದ ಅಂದರು, "ಛಲೋ ಆತು. ನಾವು ಒಲಿ ಮುಂದ, ಈಕಿ ಪುಸ್ತಕದ ಮುಂದ."

ನನ್ನ ಮುಖ ಸಣ್ಣದಾಯಿತು. ಇನ್ನೂ ಒಂದು ತಾಸು ಉಳಿದಿತ್ತು. ಪುಸ್ತಕ ಮುಚ್ಚಿ ಎದ್ದು ಹೋಗಿ ಶೇಂಗಾ ಕುಟ್ಟತೊಡಗಿದೆ. ಅಂದು ಹಬ್ಬದ ಕೆಲಸಕ್ಕೆಂದು ಮನೆಯಲ್ಲೇ ಉಳಿದಿದ್ದ ಅತ್ತಿ ಇದನ್ನು ನೋಡಿದರು.

ಮರುದಿನ ಕೋಳಿ ಕೂಗುವ ಹೊತ್ತಿಗೇ ಅತ್ತಿ ನಮ್ಮಿಬ್ಬರನ್ನೂ ಎಬ್ಬಿಸಿದರು. ಎರಡು ಒಲೆ ಹೊತ್ತಿದವು. ಹತ್ತೂವರೆಗೆ ಆ ದಿನದ ಎಲ್ಲ ಕೆಲಸ ಮುಗಿದಿತ್ತು. ಅತ್ತಿ ಕೈ ಒರೆಸಿಕೊಂಡು, "ಈಗ ಯಾರಿಗೂ ಕೆಲಸ ಇಲ್ಲ. ನೀ ಕುಂದರಬೇ," ಎಂದು ನನಗೆ ಹೇಳಿ, ಮಗಳಿಗೆ, "ನೀನೂ ಬೇಕಾದರ ಬಾಜೂಕ ಕುಂದರು, ಏನ ಓದತಾಳ ನೋಡು," ಎಂದು ಹೊಲಕ್ಕೆ ಹೋದರು.

ನಾದಿನಿ ಬಂದು ಕೂತರು, ಬಿಗುಮಾನದಿಂದಲೇ. ನಾನು ದುಂಡು ಮೇಜಿನ ಪ್ರಶ್ನೆ ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ, "ಏನದು?" ಅಂದರು. ಕನ್ನಡದಲ್ಲಿ ಹೇಳಿದೆ. ಐದು ಜನ ಸುತ್ತ ಕೂಡಬೇಕು, ಇವನ ಪಕ್ಕದಲ್ಲಿ ಅವನು ಬರಬಾರದು, ಇವಳ ಬಲಗಡೆ ಅವಳೇ ಇರಬೇಕು. ಅವರು ಬುಟ್ಟಿಯಿಂದ ಐದು ಶೇಂಗಾಕಾಯಿ ತೆಗೆದು ನೆಲದ ಮೇಲೆ ಸುತ್ತ ಇಟ್ಟರು.

"ಇವ ನಮ್ಮ ದೊಡ್ಡಪ್ಪ ಅಂತ ಇಟ್ಕೊ. ಇವ ನಮ್ಮ ಕಾಕಾ. ಇಬ್ಬರಿಗೂ ಮಾತಿಲ್ಲ, ಬಾಜೂಕ ಕೂಡಸಾಕ ಬರೂದಿಲ್ಲ. ಅತ್ಯಾ ದೊಡ್ಡವ್ವನ ಬಲಕ್ಕ ಬೇಕಂದಿ? ಇಕಾ. ಉಳದಾವ ಇಲ್ಲಿ. ಆತಲ್ಲ?"

ಆಗಿತ್ತು. ಉತ್ತರ ಸರಿಯಾಗಿತ್ತು. "ಮದವಿ ಮನ್ಯಾಗ ಪಂಕ್ತಿ ಕೂಡಸಿದವರಿಗೆ ಇದೇನ ದೊಡ್ಡದು? ಇನ್ನೊಂದ ಹೇಳು," ಅಂದರು. ಅಂದು ನಾವು ಅಂಥ ಹನ್ನೊಂದು ಪ್ರಶ್ನೆ ಬಿಡಿಸಿದೆವು. ಹಬ್ಬ ಮುಗಿಯುವವರೆಗೂ ಹನ್ನೊಂದು ಹೊಡೆದರೆ ನನಗಿಂತ ಮೊದಲು ಅವರೇ ಅಲ್ಲಿ ಬಂದು ಕೂಡುತ್ತಿದ್ದರು. ಅಷ್ಟು ಸಂತೋಷದಿಂದ ನಾನು ಏನನ್ನೂ ಓದಿದ ನೆನಪಿಲ್ಲ.

ಪುಣೆಗೆ ಇವರು ಜೊತೆ ಬಂದರು. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಹೋದೆವು. ಪರೀಕ್ಷೆಯ ಕೋಣೆಯ ತುಂಬ ಗಂಡಸರು. ಹೆಂಗಸರು ಬೆರಳೆಣಿಕೆಯಷ್ಟು, ಇಳಕಲ್ ಸೀರೆ ಉಟ್ಟವಳು ನಾನೊಬ್ಬಳೇ. ಮೊದಲ ಪುಟದಲ್ಲೇ ಎರಡಕ್ಕೆ ಚುಕ್ಕೆ ಇಟ್ಟು ದಾಟಿದೆ. ಆಮೇಲೆ ಭಯ ಹೋಯಿತು. ಗಂಟೆ ಹೊಡೆದಾಗ ನಾನು ಕೊನೆಯ ಪುಟದಲ್ಲಿದ್ದೆ. ಹೊರಗೆ ಇವರು ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು. "ಹೆಂಗಾತು?" ಅಂತ ಕೇಳದೆ, "ಮೊದಲ ಉಣ್ಣು," ಅಂದರು.

ಸಂದರ್ಶನಕ್ಕೆ ಕರೆ ಬಂತು. ಮುಂಬಯಿಗೆ ಹೋದೆ. ನಾಲ್ವರು ಕೂತಿದ್ದರು. ಅವರಲ್ಲಿ ಒಬ್ಬರು, ಗಂಡನನ್ನೂ ಮನೆಯನ್ನೂ ಬಿಟ್ಟು ಎರಡು ವರ್ಷ ಹೇಗೆ ಇರುತ್ತೀರಿ ಎಂದು ಕೇಳಿದರು. ನನ್ನ ಇಂಗ್ಲಿಷ್ ಅಲ್ಲಿ ತಡವರಿಸಿತು. ಬೇಸಿಗೆಯಲ್ಲಿ ಪತ್ರ ಬಂತು. ಸ್ಥಾನ ಸಿಕ್ಕಿರಲಿಲ್ಲ. ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಅತ್ತಿ ಒಲೆಯ ಪಕ್ಕ ಬಂದು ಕೂತರು.

"ಇಂಥಾ ಪರೀಕ್ಷೆ ಇದೊಂದ ಐತೋ, ಬ್ಯಾರೆ ಊರಾಗೂ ಅದಾವೋ?"

"ಧಾರವಾಡದಾಗ ಐತಂತ್ರಿ."

"ಧಾರವಾಡ ಸಮೀಪ ಆತಲ್ಲ. ಓದಿದ್ದು ತೆಲ್ಯಾಗ ಐತಿ, ಮೂರ ತಾಸೂ ಹಂಗ ಅದಾವ. ಕುಂದರು."

ನಾನು ಕೂತೆ. ಮರುವರ್ಷ ಧಾರವಾಡದಲ್ಲಿ ನನಗೆ ಸ್ಥಾನ ಸಿಕ್ಕಿತು. ಎರಡು ವರ್ಷ ಅಲ್ಲಿ ಹಾಸ್ಟೆಲಿನಲ್ಲಿದ್ದು ಕಲಿತು, ತಿರುಗಿ ತಿಕೋಟಾಕ್ಕೇ ಬಂದೆ. ಇವರ ಜೊತೆ ಅಂಗಡಿ ನಡೆಸಿದೆ. ಮುಂದೆ ಬಬಲೇಶ್ವರದಲ್ಲೂ ಒಂದು ತೆರೆದೆವು. ನನಗೆ ಬೇಕಾದ ಬದುಕು ಅದೇ ಆಗಿತ್ತು.

ಧಾರವಾಡಕ್ಕೆ ಹೊರಟ ದಿನ ಬಸ್ ಸ್ಟ್ಯಾಂಡಿಗೆ ಅತ್ತಿಯೂ ಬಂದರು. ಟ್ರಂಕನ್ನು ಇವರು ಮೇಲೆ ಹಾಕಿಸುತ್ತಿದ್ದರು. ಬಸ್ಸು ತುಂಬಿತ್ತು. ಅತ್ತಿ ನೇರ ಒಳಗೆ ಹತ್ತಿ ಕಂಡಕ್ಟರನ ಮುಂದೆ ನಿಂತರು.

"ಯಪ್ಪಾ, ನನ್ನ ಸೊಸಿ ಹೊಂಟಾಳ. ಧಾರವಾಡಕ್ಕ. ಕಿಡಕಿ ಕಡೆ ಜಾಗಾ ಮಾಡಿಕೊಡು."

ಕಂಡಕ್ಟರ್ ನನ್ನ ತಾಳಿ, ಬಗಲಿನ ಪುಸ್ತಕದ ಚೀಲ ಎರಡನ್ನೂ ನೋಡಿ, "ಸಾಲಿ ಕಲಸಾಕ ಹೊಂಟಾರೇನ್ರಿ?" ಎಂದು ಕೇಳಿದ.

"ಇಲ್ಲಪಾ, ಕಲಿಯಾಕ," ಅಂದರು ಅತ್ತಿ, ಬಸ್ಸಿನವರಿಗೆಲ್ಲ ಕೇಳುವಂತೆ. ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ಎದ್ದರು. ನಾನು ಕಿಟಕಿಯ ಪಕ್ಕ ಹೋಗಿ ಕೂತೆ.